ಕೈ ಬಲ್ಲದ್ದರಿಂದ ಅಕ್ಷರದ ಕಡೆಗೆ

ಸಂಪೂರ್ಣ ಸಾಕ್ಷರತಾ ಆಂದೋಲನ ನಮ್ಮ ಕಡೆಯ ಹಳ್ಳಿಗಳನ್ನು ತಲುಪಿದ ತೊಂಬತ್ತರ ದಶಕದ ಆರಂಭದಲ್ಲಿ ನಾನು ಶಿಕ್ಷಕರ ತರಬೇತಿಯಾದ ಟಿ.ಸಿ.ಎಚ್. ಮುಗಿಸಿ ನೌಕರಿಯ ಆದೇಶಕ್ಕಾಗಿ ಕಾಯುತ್ತಿದ್ದೆ. ಧಾರವಾಡದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಊರೊಂದರ ಗುಡಿಯ ಪೌಳಿಯಲ್ಲಿ ರಾತ್ರಿ ಊಟವಾದ ಮೇಲೆ ಹೆಂಗಸರಿಗೆ ಅಕ್ಷರ ಕಲಿಸುವ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಆಗಿನ ಸ್ವಯಂಸೇವಕರಿಗೆ ಸಂಬಳವಿರಲಿಲ್ಲ. ಒಂದು ಕಂದೀಲು, ಒಂದು ಕರಿಹಲಗೆ, ಓದುಪುಸ್ತಕಗಳು ಮತ್ತು ಪಾಟಿ-ಬಳಪ ಇಷ್ಟೇ ನಮ್ಮ ಸಾಮಗ್ರಿ. ಮೊದಲ ರಾತ್ರಿ ಹದಿನೆಂಟು ಮಂದಿ ಬಂದಿದ್ದರು. ಹತ್ತನೆಯ ರಾತ್ರಿ ಐವರು ಉಳಿದಿದ್ದರು.

ಬಿಟ್ಟವರು ಯಾಕೆ ಬಿಟ್ಟರೆಂದು ಮನೆಮನೆಗೆ ಹೋಗಿ ಕೇಳಿದೆ. ಹೊಲದ ಕೆಲಸ, ಮಕ್ಕಳು, ಅತ್ತೆ, ದಣಿವು ಎಂಬ ಉತ್ತರಗಳು ಬಂದವು, ಅವೆಲ್ಲ ನಿಜವೂ ಆಗಿದ್ದವು. ಆದರೆ ಜೋಳದ ಕಣದಲ್ಲಿ ಕೂತಿದ್ದ ಹಿರಿಯಳೊಬ್ಬಳು ತನ್ನ ಕೈಗಳನ್ನು ಮುಂದೆ ಚಾಚಿ ತೋರಿಸಿ, "ಅಕ್ಕಾರ, ಈ ಕೈ ಗಟ್ಟಿ ಆಗ್ಯಾವ್ರಿ. ಬಳಪ ಹಿಡದ್ರ ಸಣ್ಣ ಹುಡುಗರು ನಗತಾವ" ಎಂದಳು. ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಮಾಡಿದ ಕೆಲಸದ ಮೊದಲ ಪಾಠ ಆ ಮಾತಿನಲ್ಲಿತ್ತು. ದೊಡ್ಡವರ ಕಲಿಕೆಗೆ ಅಡ್ಡ ಬರುವುದು ಬುದ್ಧಿಯ ಕೊರತೆಗಿಂತ ಹೆಚ್ಚಾಗಿ ನಾಚಿಕೆ. ಮಗು ತಪ್ಪು ಬರೆದರೆ ಒರೆಸಿ ಮತ್ತೆ ಬರೆಯುತ್ತದೆ. ನಲವತ್ತೈದು ವರ್ಷದ ಹೆಣ್ಣುಮಗಳು ತಪ್ಪು ಬರೆದರೆ ಪಾಟಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ಮರುದಿನ ಬರುವುದಿಲ್ಲ.

ಆ ಹಿರಿಯಳ ಮನೆಯಿಂದ ಹೊರಟಾಗ ಅಂಗಳದಲ್ಲಿ ಅವಳೇ ಮುಂಜಾನೆ ಹಾಕಿದ್ದ ರಂಗೋಲಿ ಕಣ್ಣಿಗೆ ಬಿತ್ತು. ನಡುವಿನ ಸಾಲಿನಲ್ಲಿ 7 ಚುಕ್ಕಿ, ಎರಡೂ ಬದಿಗೆ 5, 3, 1 ಎಂದು ಇಳಿಯುತ್ತ ಹೋದ ಒಟ್ಟು 25 ಚುಕ್ಕಿಗಳು. ಅವುಗಳನ್ನು ಸುತ್ತುವರಿದು ಎಲ್ಲಿಯೂ ತುಂಡಾಗದೆ, ಹೊರಟಲ್ಲಿಗೇ ಮರಳಿ ಬರುವ ಒಂದೇ ಎಳೆ. ಯಾವ ಅಳತೆಗೋಲೂ ಇಲ್ಲದೆ, ಬಗ್ಗಿ ನಿಂತು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಪುಡಿಯನ್ನು ಒಂದೇ ದಪ್ಪದಲ್ಲಿ ಬಿಡುತ್ತ ಇದನ್ನು ಬಿಡಿಸಬಲ್ಲ ಕೈಗೆ "ರ" ಬರೆಯಲು ಬರುವುದಿಲ್ಲ ಎನ್ನುವುದನ್ನು ನನಗೆ ನಂಬಲಾಗಲಿಲ್ಲ. ರಂಗೋಲಿ ಪುಡಿಯನ್ನು ಹಿಡಿಯುವ ಬೆರಳುಗಳೇ ಬಳಪವನ್ನೂ ಹಿಡಿಯುತ್ತವೆ. ಕನ್ನಡ ಲಿಪಿಯಲ್ಲಿ ಹೆಚ್ಚಿನ ಗೆರೆಗಳು ದುಂಡಗಿನವು. ಚುಕ್ಕಿಯನ್ನು ಬಳಸಿ ಹೋಗುವ ಎಳೆಗೆ "ಠ", "ರ", "ದ" ಯಾವುದೂ ಹೊಸತಲ್ಲ.

ಮರುವಾರದಿಂದ ಪಾಟಿಗಳನ್ನು ಬದಿಗಿಟ್ಟೆವು. ಪೌಳಿಯ ನೆಲವನ್ನು ಸಾರಿಸಿ, ಅಕ್ಷರಗಳನ್ನು ಮೊಣಕೈ ಉದ್ದಕ್ಕೆ ರಂಗೋಲಿಯಲ್ಲಿ ಬಿಡಿಸಿದೆವು. ಮೊದಲು ಇಡೀ ತೋಳು ಆಡುವಷ್ಟು ದೊಡ್ಡದಾಗಿ, ಆಮೇಲೆ ಮಣಿಕಟ್ಟು ಮಾತ್ರ ಆಡುವಷ್ಟು, ಕೊನೆಗೆ ಬೆರಳುಗಳಷ್ಟೇ ಆಡುವ ಪಾಟಿಯ ಅಳತೆಗೆ ಇಳಿದೆವು. ಇದಕ್ಕೆ ಸುಮಾರು ಮೂರು ವಾರ ಹಿಡಿಯಿತು. ಮೂರು ವಾರ ವ್ಯರ್ಥವಾಯಿತೆಂದು ಮೇಲ್ವಿಚಾರಕರೊಬ್ಬರು ಸಿಟ್ಟಾದರು. ಅವರ ಚಿಂತೆಗೂ ಕಾರಣವಿತ್ತು. ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಆಗಿನ ಮಾನದಂಡಗಳ ಪ್ರಕಾರ ಕಲಿಕೆ ಮುಗಿಸಿದವರು ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, ಹೇಳಿ ಬರೆಸಿದರೆ 5 ಪದ ಬರೆಯಬೇಕು, 1ರಿಂದ 100ರವರೆಗೆ ಅಂಕಿಗಳನ್ನು ಬಲ್ಲವರಾಗಿರಬೇಕಿತ್ತು. ಗಡುವಿನ ಎದುರು ರಂಗೋಲಿ ಎಂಬುದು ಆಟದಂತೆ ಕಾಣುವುದು ಸಹಜ. ಆದರೆ ಬಿಟ್ಟುಹೋದವರಲ್ಲಿ ಒಂಬತ್ತು ಮಂದಿ ಮರಳಿ ಬಂದರು, ಆ ಹಿರಿಯಳೂ ಬಂದಳು. ಬಂದ ಮೊದಲ ದಿನವೇ ಆಕೆ ನನ್ನ "ಅ"ದ ಸೊಟ್ಟ ಎಳೆಯನ್ನು ತಿದ್ದಿದಳು. ಕಲಿಯುವವಳು ಕಲಿಸುವವಳನ್ನು ತಿದ್ದಿದ ಆ ಕ್ಷಣದಲ್ಲಿ ಪೌಳಿಯ ಗಾಳಿಯೇ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಿಬಿಡಬೇಕು, ಏಕೆಂದರೆ ವಯಸ್ಕರ ಶಿಕ್ಷಣದ ಬಗ್ಗೆ ನಡೆಯುವ ಎಷ್ಟೋ ದೊಡ್ಡ ಚರ್ಚೆಗಳಲ್ಲಿ ಇದು ಬರುವುದೇ ಇಲ್ಲ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ನಮ್ಮ ಜನ ಇದನ್ನು ಚಾಳೀಸು ಎಂದೇ ಕರೆಯುತ್ತಾರೆ. ಓದುವ ಅಭ್ಯಾಸವಿದ್ದವರಿಗೆ ಇದು ಬೇಗ ಗೊತ್ತಾಗುತ್ತದೆ. ಎಂದೂ ಓದದವರಿಗೆ ತಮ್ಮ ಕಣ್ಣು ಹೀಗಾಗಿದೆ ಎಂಬ ಅರಿವೇ ಇರುವುದಿಲ್ಲ, "ನನ್ನ ತಲಿಗೆ ಹತ್ತೂದಿಲ್ಲ" ಎಂದುಕೊಂಡು ಎದ್ದುಹೋಗುತ್ತಾರೆ. ನಾನು ಯಾವುದೇ ವಯಸ್ಕರ ತರಗತಿಯನ್ನು ಆರಂಭಿಸುವ ಮುನ್ನ ಸೂಜಿಗೆ ದಾರ ಪೋಣಿಸಲು ಕೊಡುತ್ತೇನೆ. ಕೈಯನ್ನು ದೂರ ಚಾಚಿ ಪೋಣಿಸುವವರನ್ನು ಮೊದಲು ಕಣ್ಣಿನ ತಪಾಸಣೆಗೆ ಕಳಿಸುತ್ತೇವೆ. ಓದಿನ ಕನ್ನಡಕವೊಂದು ಎಷ್ಟು ಜನರನ್ನು ತರಗತಿಯಲ್ಲಿ ಉಳಿಸಿದೆ ಎಂಬುದನ್ನು ನೋಡಿದ ಮೇಲೆ, ಕಲಿಕೆಯ ಸಿದ್ಧಾಂತಗಳನ್ನು ಓದುವಾಗಲೂ ನನಗೆ ಆ ಸೂಜಿ ನೆನಪಾಗುತ್ತದೆ.

ಮುಂದೆ ನಾನು ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿದೆ. ಅಷ್ಟರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮಕ್ಕಳು ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿ ಆರಂಭವಾಗಿತ್ತು. ಆಂಧ್ರದ ರಿಷಿ ವ್ಯಾಲಿಯಲ್ಲಿ ಹಲವು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಬಹುವರ್ಗ ಬೋಧನೆಯನ್ನು ಕಂಡು ಬಂದ ಅಲ್ಲಿನ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಕಾರ್ಡುಗಳನ್ನೂ, ಕಲಿಕೆಯ ಹಂತಗಳನ್ನು ತೋರಿಸುವ ಏಣಿಯನ್ನೂ ತಯಾರಿಸಿದ್ದರು. ವರ್ಣಮಾಲೆಯ ಕ್ರಮವನ್ನು ಬಿಟ್ಟು "ರ, ಗ, ಸ, ದ, ಅ" ಎಂದು ಆರಂಭಿಸುವ ಕ್ರಮ ನಮ್ಮ ಶಾಲೆಗೆ ಬಂದಾಗ ನನಗೆ ಪೌಳಿಯ ನೆಲ ನೆನಪಾಯಿತು. ಈ ಐದೇ ಅಕ್ಷರಗಳಿಂದ ಗುಣಿತವಿಲ್ಲದೆ, ಒತ್ತಿಲ್ಲದೆ ಅರಸ, ಅಗಸ, ಗರಗಸ, ದಸರ, ಸರ, ದರ ಎಂಬ ಪದಗಳು ಮೊದಲ ವಾರದಲ್ಲೇ ಕೈಗೆ ಸಿಗುತ್ತವೆ. ನಾನು ಶಾಲೆಯ ಈ ಕ್ರಮವನ್ನೇ ರಾತ್ರಿ ತರಗತಿಗೆ ಒಯ್ದೆ. ಅಲ್ಲಿ ಒಂದು ವ್ಯತ್ಯಾಸ ಕಂಡಿತು. ಮಕ್ಕಳು ಅರಸನ ಚಿತ್ರ ಬಿಡಿಸಿ ಖುಷಿಪಟ್ಟರೆ, ಹೆಂಗಸರು "ದರ" ಎಂಬ ಪದವನ್ನು ಹಿಡಿದುಕೊಂಡರು. ಸಂತೆಯಲ್ಲಿ ಹಲಗೆಯ ಮೇಲೆ ಬರೆದಿರುವ ಆ ಎರಡಕ್ಷರ ಅವರ ದುಡ್ಡಿಗೆ ಸಂಬಂಧಿಸಿತ್ತು. ಮಕ್ಕಳಿಗೂ ದೊಡ್ಡವರಿಗೂ ಅಕ್ಷರ ಒಂದೇ ಆದರೂ ಪದ ಒಂದೇ ಅಲ್ಲ ಎಂಬುದನ್ನು ನಾನು ಅರಿತದ್ದು ಹೀಗೆ.

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೋ ಫ್ರೇರೆ ಇದೇ ತಿಳಿವಳಿಕೆಯನ್ನು ಒಂದು ಪದ್ಧತಿಯನ್ನಾಗಿ ಕಟ್ಟಿದ್ದರೆಂದು ನನಗೆ ತಿಳಿದದ್ದು ಆಮೇಲೆ. 1963ರಲ್ಲಿ ಆ ದೇಶದ ಈಶಾನ್ಯದ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು-ಬರಹ ಕಲಿಸುವ ಪ್ರಯೋಗ ನಡೆಯಿತು. ಜನರ ಬದುಕಿನಿಂದಲೇ ಆಯ್ದ ಪದಗಳಿಂದ ಅವರು ಪಾಠ ಆರಂಭಿಸುತ್ತಿದ್ದರು. "ತಿಜೋಲೋ", ಅಂದರೆ ಇಟ್ಟಿಗೆ, ಅಂಥ ಪದಗಳಲ್ಲಿ ಪ್ರಸಿದ್ಧವಾದುದು. ನನ್ನನ್ನು ಹೆಚ್ಚು ಸೆಳೆದದ್ದು ಅದಕ್ಕೂ ಹಿಂದಿನ ಹೆಜ್ಜೆ. ಮೊದಲ ಅಕ್ಷರಕ್ಕಿಂತ ಮುಂಚೆ ಅವರು ಚಿತ್ರಗಳನ್ನು ತೋರಿಸುತ್ತಿದ್ದರು. ಫ್ರಾನ್ಸಿಸ್ಕೋ ಬ್ರೆನಾಂಡ್ ಎಂಬ ಕಲಾವಿದ ಬಿಡಿಸಿಕೊಟ್ಟ ಆ ಚಿತ್ರಗಳಲ್ಲಿ ಹೊಲ, ಬಾವಿ, ಬೇಟೆ, ಮಡಕೆ ಮಾಡುವವರು ಇರುತ್ತಿದ್ದರು. ಮಣ್ಣಿನಿಂದ ಮಡಕೆ ಮಾಡಬಲ್ಲವನು ಈಗಾಗಲೇ ಸಂಸ್ಕೃತಿಯನ್ನು ನಿರ್ಮಿಸುತ್ತಿದ್ದಾನೆ ಎಂಬುದನ್ನು ಕಲಿಯುವವರೇ ಚರ್ಚಿಸಿ ಕಂಡುಕೊಳ್ಳಬೇಕಿತ್ತು. ಅಕ್ಷರ ಆಮೇಲೆ.

ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಚಿತ್ರ ಬಿಡಿಸಿಕೊಡಬೇಕಾಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಪಂಚಮಿಗೆ ನಾಗಪ್ಪ ಹೀಗೆ ವರ್ಷದ ನಡುವೆ ಒಂದು ತಿಂಗಳಿಗೂ ಮಿಕ್ಕಿ ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣು ಕೈಯಲ್ಲಿರುತ್ತದೆ. ಕಸೂತಿ ಗೊತ್ತಿದ್ದವರ ಲೆಕ್ಕವಂತೂ ಬೆರಗು ಹುಟ್ಟಿಸುವಂಥದು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುವಾಗ ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸಿಯೇ ಹೋಗುತ್ತಾರೆ. ಗವಂತಿಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುವುದರಿಂದ ಬಟ್ಟೆಯ ಎರಡೂ ಮುಖ ಒಂದೇ ತೆರನಾಗಿ ಕಾಣುತ್ತವೆ. ಹೋಗುವಾಗಲೇ ಬರುವ ದಾರಿಯನ್ನು ಲೆಕ್ಕ ಹಾಕಿಟ್ಟುಕೊಳ್ಳದೆ ಇದು ಸಾಧ್ಯವಿಲ್ಲ. ಇಂಥವರಿಗೆ ಗುಣಾಕಾರ ಕಲಿಸುವಾಗ ನಾನು ಪುಸ್ತಕ ತೆರೆಯಲಿಲ್ಲ. "ಒಂದು ಗೋಪುರಕ್ಕ ಎಷ್ಟು ಎಳಿ? ಸೆರಗಿಗೆ ಎಷ್ಟು ಗೋಪುರ?" ಎಂದು ಕೇಳಿದೆ. ಉತ್ತರ ಬಾಯಿಯಲ್ಲಿ ಮೊದಲೇ ಸಿದ್ಧವಿತ್ತು. ಅದಕ್ಕೆ ಅಂಕಿಯ ಅಂಗಿ ತೊಡಿಸುವುದಷ್ಟೇ ಬಾಕಿ ಇತ್ತು.

ಸಮಗ್ರ ಶಿಕ್ಷಣ ಎಂಬ ಮಾತು ಈಗ ಯೋಜನೆಗಳ ಹೆಸರಾಗಿ, ಶಾಲೆಗಳ ಜಾಹೀರಾತಾಗಿ ಬಳಕೆಯಲ್ಲಿದೆ. ನನ್ನ ಮಟ್ಟಿಗೆ ಅದಕ್ಕೆ ಇರುವ ಅರ್ಥ ಸಣ್ಣದು. ತರಗತಿಗೆ ಬರುವ ವ್ಯಕ್ತಿ ತನ್ನ ಕೈ, ಕಣ್ಣು, ನೆನಪು, ದಣಿವು, ದುಃಖ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತಾನೆ. ಅವುಗಳಲ್ಲಿ ಒಂದನ್ನು ಮಾತ್ರ ಒಳಗೆ ಕರೆದು ಉಳಿದವನ್ನು ಚಪ್ಪಲಿಯ ಜೊತೆ ಹೊರಗೆ ಬಿಡು ಎನ್ನಲಾಗದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದ ನಡುವೆ ಕೈಕಸುಬು ಇದ್ದುದು ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ.

ದುಃಖದ ಮಾತು ಬಂದದ್ದರಿಂದ, ಚಿತ್ರ, ಮಣ್ಣಿನಂಥ ಕೆಲಸಗಳ ಮೂಲಕ ಮನಸ್ಸಿಗೆ ನೆರವಾಗುವ ಕಲಾ ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ, ಹಾಗೂ ನನ್ನ ಒಂದು ತಪ್ಪಿನಿಂದಲೇ ಆರಂಭಿಸುತ್ತೇನೆ. ಹದಿನೈದು ವರ್ಷ ಶಾಲೆಯಲ್ಲಿ ಕಲಿಸಿದ ಮೇಲೆ ರಜೆಯ ದಿನಗಳಲ್ಲಿ ಕಲಾ ಚಿಕಿತ್ಸೆಯ ತರಬೇತಿಗಳಿಗೆ ಹೋಗತೊಡಗಿದ್ದೆ. ಚಿತ್ರದಲ್ಲಿ ಮನಸ್ಸು ಕಾಣುತ್ತದೆ ಎಂಬ ಹೊಸ ಉತ್ಸಾಹ ನನ್ನಲ್ಲಿತ್ತು. ಆ ದಿನಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ತರಗತಿಯೊಂದರಲ್ಲಿ "ನಿಮ್ಮ ಮನೆ" ಬಿಡಿಸಲು ಹೇಳಿದೆ. ಒಬ್ಬಾಕೆ ಬಿಡಿಸಿದ ಮನೆಗೆ ಬಾಗಿಲು ಇರಲಿಲ್ಲ. ಆಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳೆಂದು ನನಗೆ ಗೊತ್ತಿತ್ತು. ನಾನು ಎಲ್ಲರೆದುರು, ಮೆಲ್ಲಗಿನ ದನಿಯಲ್ಲೇ ಆದರೂ, "ಹೊರಗ ಬರಾಕ ದಾರಿನ ಇಲ್ಲ ಅನಸತೈತೇನವ್ವಾ?" ಎಂದು ಕೇಳಿಬಿಟ್ಟೆ. ಆಕೆ ಏನೂ ಹೇಳದೆ ಹಾಳೆಯನ್ನು ಮಡಚಿಟ್ಟಳು. ಮೂರು ವಾರ ತರಗತಿಗೆ ಬರಲಿಲ್ಲ.

ನಾನು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅವಳು ಹೇಳಿದ್ದು ಇಷ್ಟು: "ಬಾಗಲಾ ಮರತಿದ್ದಿಲ್ರಿ ಅಕ್ಕಾರ. ಚೌಕಟ್ಟು ನಿಲ್ಲಸೂದು ಪೂಜಿ ಮಾಡಿ. ಶುಕ್ರವಾರ ಬಿಡಸೂಣು ಅಂತ ಇಟ್ಟಿದ್ದೆ." ಮನೆ ಕಟ್ಟುವಾಗ ಬಾಗಿಲಿನ ಚೌಕಟ್ಟನ್ನು ಒಳ್ಳೆಯ ದಿನ ನೋಡಿ, ಅರಿಷಿಣ-ಕುಂಕುಮ ಹಚ್ಚಿ ನಿಲ್ಲಿಸುತ್ತಾರೆ. ತವರಿಗೆ ಮರಳಿದ ಆ ಹೆಣ್ಣುಮಗಳು ಕಾಗದದ ಮೇಲೆ ತನ್ನದೇ ಒಂದು ಮನೆಯನ್ನು ಅಷ್ಟು ಶ್ರದ್ಧೆಯಿಂದ ಕಟ್ಟುತ್ತಿದ್ದಳು. ನಾನು ಅವಳ ಮನೆಯನ್ನು ಅರ್ಧಕ್ಕೆ ನಿಲ್ಲಿಸಿ, ಅದಕ್ಕೆ ಸೆರೆಮನೆ ಎಂದು ಹೆಸರಿಟ್ಟಿದ್ದೆ. ಅಂದಿನಿಂದ ಯಾರ ಚಿತ್ರವನ್ನೂ ನಾನಾಗಿ ಓದಿ ಅರ್ಥ ಹೇಳಿಲ್ಲ. "ಇದರ ಬಗ್ಗೆ ಏನಾದರೂ ಹೇಳಬೇಕು ಅನ್ನಿಸಿದರೆ ಹೇಳಿ" ಎಂದಷ್ಟೇ ಕೇಳುತ್ತೇನೆ, ಹೇಳದಿದ್ದರೆ ಅಲ್ಲಿಗೆ ಬಿಡುತ್ತೇನೆ.

ಚಿತ್ರಕ್ಕೆ ಅರ್ಥ ಹೇಳಬೇಕೇ, ಬಿಡಿಸಲು ಬಿಟ್ಟರೆ ಸಾಕೇ ಎಂಬ ಈ ಪ್ರಶ್ನೆ ಕಲಾ ಚಿಕಿತ್ಸೆಯ ಇತಿಹಾಸದಲ್ಲೂ ಮೊದಲಿನಿಂದ ಇದೆ. ಆ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬಿಡಿಸುವುದು ತಮ್ಮನ್ನು ಹೇಗೆ ಹಿಡಿದು ನಿಲ್ಲಿಸಿತು ಎಂಬುದನ್ನು ಅವರು ಸ್ವತಃ ಕಂಡುಕೊಂಡಿದ್ದರು. ಅಮೆರಿಕದಲ್ಲಿ ಮಾರ್ಗರೆಟ್ ನಾಂಬರ್ಗ್ ಅವರು ಚಿತ್ರವನ್ನು ಒಳಮನಸ್ಸಿನ ಭಾಷೆಯೆಂದು ತಿಳಿದು, ಅದನ್ನು ಮನೋಚಿಕಿತ್ಸೆಯ ಮಾತುಕತೆಗೆ ದಾರಿಯಾಗಿಸಿಕೊಂಡರು. ಎಡಿತ್ ಕ್ರೇಮರ್ ಅವರ ನಿಲುವು ಬೇರೆ. ಬಿಡಿಸುವ ಕ್ರಿಯೆಯೇ ಗುಣಪಡಿಸುವ ಶಕ್ತಿಯುಳ್ಳದ್ದು, ಅದು ಚೆನ್ನಾಗಿ ನಡೆಯುವಂತೆ ನೆರವಾಗುವುದು ಚಿಕಿತ್ಸಕರ ಕೆಲಸ ಎಂದು ಅವರು ನಂಬಿದ್ದರು. ಶಿಕ್ಷಕಿಯಾದ ನನಗೆ ಕ್ರೇಮರ್ ಹತ್ತಿರದವರಾಗಿ ಕಂಡರು, ಅದಕ್ಕೆ ಅವರ ಗುರುವೂ ಒಂದು ಕಾರಣ.

ಆ ಗುರು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಯಹೂದಿ ಕಲಾವಿದೆ. ನಾತ್ಸಿಗಳು 1942ರ ಡಿಸೆಂಬರ್‌ನಲ್ಲಿ ಆಕೆಯನ್ನು ಈಗಿನ ಚೆಕ್ ದೇಶದಲ್ಲಿರುವ ತೆರೆಜೀನ್ ಯಹೂದಿ ಬಂದಿಕೇರಿಗೆ ಸಾಗಿಸಿದರು. ಅಲ್ಲಿ ಆಕೆ ಸುಮಾರು ಎರಡು ವರ್ಷ, ಸಿಕ್ಕ ಕಾಗದದ ಚೂರುಗಳ ಮೇಲೆ, ಬಳಸಿ ಬಿಸಾಡಿದ ಕಚೇರಿ ಕಾಗದದ ಹಿಂಬದಿಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸಿದರು. 1944ರ ಅಕ್ಟೋಬರ್‌ನಲ್ಲಿ ಆಕೆಯನ್ನು ಆಷ್‌ವಿಟ್ಜ್ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. ಹೊರಡುವ ಮುನ್ನ ಎರಡು ಪೆಟ್ಟಿಗೆಗಳಲ್ಲಿ ತುಂಬಿ ಅಡಗಿಸಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು. ಈಗ ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಆಕೆ ಮಕ್ಕಳಿಗೆ ತಮ್ಮ ತಮ್ಮ ಚಿತ್ರದ ಮೇಲೆ ಹೆಸರು ಬರೆಯಲು ಹೇಳುತ್ತಿದ್ದರು. ಬಂದಿಗಳನ್ನು ಸಂಖ್ಯೆಯಿಂದ ಗುರುತಿಸುತ್ತಿದ್ದ ಜಾಗದಲ್ಲಿ ಆ ಹೆಸರುಗಳು ಉಳಿದುಕೊಂಡವು. ಆ ಮಕ್ಕಳಲ್ಲಿ ಬಹುಪಾಲು ಉಳಿಯಲಿಲ್ಲ.

ಇದನ್ನು ಓದಿದ ಮೇಲೆ, ಹೆಸರು ಬರೆಯುವುದನ್ನು ನಾವು ಎಷ್ಟು ಹಗುರವಾಗಿ ಕಲಿಸುತ್ತಿದ್ದೇವೆ ಎಂದು ನನಗೆ ನೋವಾಯಿತು. ಬ್ಯಾಂಕಿನ ಅರ್ಜಿಗೆ ಹೆಬ್ಬೆಟ್ಟು ಬೇಡವೆಂದು ಸಂಘದ ಹೆಣ್ಣುಮಕ್ಕಳಿಗೆ ಎರಡು ದಿನದಲ್ಲಿ ಸಹಿ ಕಲಿಸಿ, ಅವರನ್ನು ಸಾಕ್ಷರರ ಪಟ್ಟಿಗೆ ಸೇರಿಸಿದ್ದನ್ನು ನಾನು ಹಲವು ಕಡೆ ಕಂಡಿದ್ದೇನೆ. ಜನಗಣತಿಯ ಪ್ರಕಾರ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲ, 7 ವರ್ಷ ತುಂಬಿದ ವ್ಯಕ್ತಿ ಸಾಕ್ಷರ. 2011ರ ಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೀಗೆ ಸಾಕ್ಷರರಾದವರು ಶೇ 68ರಷ್ಟು. ಅಕ್ಷರ ಗೊತ್ತಿಲ್ಲದೆ ಸಹಿಯ ಆಕಾರವನ್ನಷ್ಟೇ ಕಲಿತವರು ಅದನ್ನು ಚಿತ್ರದಂತೆ ನಕಲು ಮಾಡುತ್ತಾರೆ. ಎದುರಿನ ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಸಹಿ ಹಾಕುವುದು ಹೆಬ್ಬೆಟ್ಟಿಗಿಂತಲೂ ಅಪಾಯಕಾರಿ. ಆದ್ದರಿಂದ ನಮ್ಮ ತರಗತಿಯಲ್ಲಿ ಹೆಸರು ಬರೆಯುವುದು ಬ್ಯಾಂಕಿನ ಫಾರ್ಮಿನ ಮೇಲೆ ಆರಂಭವಾಗುವುದಿಲ್ಲ. ತಾವೇ ಮಾಡಿದ ಒಂದು ವಸ್ತುವಿನ ಮೇಲೆ, ಚಿತ್ರವಾಗಲಿ, ಮಣ್ಣೆತ್ತಿನ ಬೆನ್ನಾಗಲಿ, ಕೌದಿಯ ಮೂಲೆಯಾಗಲಿ, ಅದರ ಮೇಲೆ ಬರೆಯುತ್ತಾರೆ. ಒಂದೊಂದೇ ಅಕ್ಷರವನ್ನು ಬಿಡಿಸಿ, ಅದರಿಂದ ಬೇರೆ ಪದ ಕಟ್ಟಿ, ಮತ್ತೆ ಹೆಸರಿಗೆ ಬರುತ್ತೇವೆ.

ನಿವೃತ್ತಿಯ ನಂತರ ನಾನು ವಾರಕ್ಕೆ ಎರಡು ದಿನ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರ ಹಗಲು ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹೆಮ್ಮೆಪಡುವ ಹಿನ್ನೆಲೆ ಇದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಔಷಧಿಯಿಂದ ಕೈ ನಡುಗುವವರು, ತಿಂಗಳುಗಟ್ಟಲೆ ಮಾತಾಡದವರು, ಪದವಿ ಓದಿ ಅರ್ಧಕ್ಕೆ ಬಿಟ್ಟವರು ಅಲ್ಲಿ ಒಂದೇ ಚಾಪೆಯ ಮೇಲೆ ಕೂಡುತ್ತಾರೆ. ನಡುಗುವ ಕೈಗೆ ಪೆನ್ಸಿಲ್ ಕೊಡುವುದಿಲ್ಲ, ಮಣ್ಣು ಕೊಡುತ್ತೇನೆ. ಪೆನ್ಸಿಲ್ಲಿನ ಗೆರೆ ನಡುಕವನ್ನು ಹಾಗೆಯೇ ತೋರಿಸಿಬಿಡುತ್ತದೆ, ಮಣ್ಣು ಅದನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಒದ್ದೆ ಬಣ್ಣ ಹರಿದಾಡುವುದನ್ನು ಕಂಡು ಗಾಬರಿಯಾಗುವವರಿಗೆ ಬಟ್ಟೆಯ ಚೂರುಗಳನ್ನು ಕೊಟ್ಟು ಕೌದಿ ಜೋಡಿಸಲು ಹೇಳುತ್ತೇನೆ. ಯಾವ ಸಾಮಗ್ರಿ ಯಾರಿಗೆ ಎಂಬ ಈ ಆಯ್ಕೆಯಲ್ಲೇ ನಮ್ಮ ಕೆಲಸದ ಅರ್ಧ ಭಾಗವಿದೆ, ಆದರೂ ತರಬೇತಿಗಳಲ್ಲಿ ಇದಕ್ಕೆ ಸಿಗುವ ಸಮಯ ಕಡಿಮೆ.

ಒಂದು ಗಡಿಯನ್ನು ಮಾತ್ರ ಸ್ವಯಂಸೇವಕರಿಗೆ ಮತ್ತೆ ಮತ್ತೆ ಹೇಳುತ್ತೇನೆ. ನಾವು ಶಿಕ್ಷಕರು, ಕಲೆಯ ಮೂಲಕ ಮನಸ್ಸು ಹಗುರವಾಗುವ ಜಾಗವನ್ನು ಮಾಡಿಕೊಡಬಲ್ಲೆವು, ಕಾಯಿಲೆಯನ್ನು ಗುರುತಿಸಲಾರೆವು, ಔಷಧಿಯ ಮಾತು ನಮ್ಮದಲ್ಲ. ಮಣ್ಣು ಕಲಸುತ್ತ ಕಲಸುತ್ತ ಯಾರಾದರೂ ಅಳತೊಡಗಿದರೆ ಕಾರಣ ಕೇಳಬೇಡಿ, ನೀರು ಕೊಟ್ಟು ಪಕ್ಕದಲ್ಲಿ ಕೂತು ನಿಮ್ಮ ಕೈಯಲ್ಲಿರುವ ಮಣ್ಣನ್ನು ಕಲಸುತ್ತಿರಿ. ಬದುಕು ಬೇಡವೆಂಬ ಮಾತು ಬಾಯಲ್ಲಾಗಲಿ ಚಿತ್ರದಲ್ಲಾಗಲಿ ಬಂದರೆ, ಅಂದೇ ಕೇಂದ್ರದ ವೈದ್ಯರಿಗೆ ತಿಳಿಸಿ. ವೈದ್ಯರಿಲ್ಲದ ಊರಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿದ್ದೇವೆ, ಬರೆದವರು ಕೇಂದ್ರಕ್ಕೆ ಬರುವವರೇ.

ಸ್ವಯಂಸೇವಕರ ತರಬೇತಿಯ ಮೊದಲ ದಿನ ಅವರಿಗೆ ಯಾವ ಉಪನ್ಯಾಸವೂ ಇಲ್ಲ. ಬಲಗೈಯವರಿಗೆ ಎಡಗೈಯಿಂದ, ಎಡಗೈಯವರಿಗೆ ಬಲಗೈಯಿಂದ ತಮ್ಮ ಹೆಸರು, ಊರು, ತಾಯಿಯ ಹೆಸರು ಬರೆಯಲು ಹೇಳುತ್ತೇನೆ, ಬರೆದ ಹಾಳೆಯನ್ನು ಪಕ್ಕದವರಿಗೆ ತೋರಿಸಲು ಹೇಳುತ್ತೇನೆ. ಪದವಿ ಪಡೆದ ಯುವಕ-ಯುವತಿಯರು ಆ ಹಾಳೆಯನ್ನು ಅಂಗೈಯಿಂದ ಮುಚ್ಚುತ್ತಾರೆ. ಅಂಗೈ ಎತ್ತಿ ಎಂದು ನಾನು ಹೇಳುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತೇನೆ. ಕಳೆದ ಬಾರಿ ಅವರೆದುರು ಕೂತಿದ್ದವಳು ಬಾಗಿಲಿಲ್ಲದ ಮನೆ ಬಿಡಿಸಿದ್ದ ಅದೇ ಹೆಣ್ಣುಮಗಳು. ಈಗ ತನ್ನ ಸಂಘದ ಲೆಕ್ಕದ ಪುಸ್ತಕವನ್ನು ಆಕೆಯೇ ಬರೆಯುತ್ತಾಳೆ, ಹೊಸ ಸ್ವಯಂಸೇವಕರಿಗೆ ರಂಗೋಲಿಯ ಅಕ್ಷರಗಳನ್ನೂ ಆಕೆಯೇ ತೋರಿಸಿಕೊಡುತ್ತಾಳೆ. ಹಾಳೆ ಮುಚ್ಚಿಕೊಂಡು ಕೂತಿದ್ದ ಹುಡುಗಿಯೊಬ್ಬಳ ಮುಂದೆ ರಂಗೋಲಿಯ ಬಟ್ಟಲನ್ನು ಸರಿಸಿ, "ಕಾಗದಾ ಇರಲಿ ಬಿಡವ್ವಾ, ಮೊದಲ ನೆಲದ ಮ್ಯಾಲೆ ಹಾಕೂಣು ಬಾ" ಎಂದು ಕರೆದಳು.